ಪರದೆಯ ಕೆಳಗೆ ಉಳಿದ ಸಾಲು

ನನ್ನ ಹಳೆಯ ಲ್ಯಾಪ್‌ಟಾಪ್ ಪ್ರಾಣ ಬಿಟ್ಟದ್ದು ಒಂದು ಸೋಮವಾರ ಬೆಳಿಗ್ಗೆ, ಕೋಗಿಲು ಕ್ರಾಸಿನ ಹತ್ತಿರ, ಬಸ್ಸಿನೊಳಗೆ. ಡ್ರೈವರ್ ಬ್ರೇಕ್ ಒತ್ತಿದ. ಹಿಂದೆ ನಿಂತಿದ್ದ ದಢೂತಿ ಆಸಾಮಿಯೊಬ್ಬ ನನ್ನ ಬ್ಯಾಗಿನ ಮೇಲೆ ಕುಸಿದು ಕೂತ. ಒಳಗಿಂದ ಹಪ್ಪಳ ಮುರಿದಂಥ ಸದ್ದು ಬಂತು. ಆತ "ಸಾರಿ ಮೇಡಂ" ಎಂದ. ನಾನು ಏನೆಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಕಂಡಕ್ಟರ್ ಎರಡು ಸ್ಟಾಪಿನವರೆಗೆ ನನ್ನ ಕಡೆ ತಿರುಗಿ ನೋಡಲಿಲ್ಲ.

ಆ ಯಂತ್ರದ ಮೇಲೆ ನನಗೇನೂ ಮಮತೆ ಇರಲಿಲ್ಲ. ಮೂರು ಕೆಜಿ ಭಾರ. ಬ್ಯಾಟರಿ ಎರಡು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದರೆ ಮಾತ್ರ ಕೆಲಸ ಮಾಡುತ್ತಿತ್ತು. ಅದನ್ನು ಹೊತ್ತು ಹೊತ್ತು ನನ್ನ ಬಲಭುಜ ಬಿಗಿದುಕೊಂಡು, ಜಡೆ ಹಾಕಿಕೊಳ್ಳಲು ಕೈ ಎತ್ತಲಾಗದ ಸ್ಥಿತಿಗೆ ಬಂದಿದ್ದೆ. "ಇನ್ನು ಒಂದು ಕೆಜಿಗಿಂತ ಹೆಚ್ಚು ಹೊರಬೇಡಿ" ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ನಾನು ಯಾರ ಮಾತನ್ನೂ ತಕ್ಷಣ ಕೇಳುವವಳಲ್ಲ.

ನಾನು ಪತ್ರ ಬರಹಗಾರ್ತಿ. ಪ್ರೇಮಪತ್ರದ್ದಲ್ಲ. ಕ್ರಯಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ಉಯಿಲು. ಯಲಹಂಕದ ನೋಂದಣಿ ಕಚೇರಿಯ ರಸ್ತೆಯಲ್ಲಿ ಒಂದು ಶಟರಿನ ಅಂಗಡಿ, ಅದರಲ್ಲಿ ಎರಡು ಮೇಜು. ಒಂದು ನನ್ನದು. ಇನ್ನೊಂದು ನನಗಿಂತ ಹತ್ತು ವರ್ಷ ಹಿರಿಯರಾದ ಇನ್ನೊಬ್ಬ ಬರಹಗಾರರದು. ನನ್ನ ತಂದೆಯೂ ಇದೇ ಕಸುಬಿನವರು. ಅವರು ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈಯಲ್ಲೇ ಬರೆದರು. ನನಗೆ ಅವರು ಕಲಿಸಿದ್ದು ಎರಡೇ ಪಾಠ. ಮೊದಲನೆಯದು: ಓದಿ ಹೇಳದ ಕಾಗದಕ್ಕೆ ಸಹಿ ಹಾಕಿಸಬೇಡ. ಎರಡನೆಯದು: ಕ್ರಯಪತ್ರದಲ್ಲಿ ಎರಡು ಮಾತು ಒಂದಕ್ಕೊಂದು ಜಗಳವಾಡಿದರೆ ಮೊದಲ ಮಾತು ನಿಲ್ಲುತ್ತದೆ, ಉಯಿಲಿನಲ್ಲಿ ಜಗಳವಾಡಿದರೆ ಕೊನೆಯ ಮಾತು ನಿಲ್ಲುತ್ತದೆ. ಸಾಯುವವರೆಗೂ ಮನಸ್ಸು ಬದಲಾಯಿಸುವ ಹಕ್ಕು ಬರೆಸುವವರಿಗೆ ಇರುತ್ತದಲ್ಲ, ಅದಕ್ಕೆ.

ಲ್ಯಾಪ್‌ಟಾಪ್ ಒಡೆದ ಹಿಂದಿನ ದಿನ ಬಾಗಲಗುಂಟೆಯಿಂದ ನನಗೊಂದು ಫೋನ್ ಬಂದಿತ್ತು. ಎಪ್ಪತ್ತೆಂಟು ವರ್ಷದ ಒಬ್ಬ ಅಜ್ಜಿ. ಅವರದು ಆ ಊರಿನ ಹಳೇ ಒಕ್ಕಲು ಮನೆತನ. ಹೊಲಗಳೆಲ್ಲ ಸೈಟುಗಳಾದಾಗ ಗಂಡನ ಕಡೆಯ ಆಸ್ತಿಯನ್ನು ಇಬ್ಬರು ಗಂಡುಮಕ್ಕಳು ಹಂಚಿಕೊಂಡಿದ್ದರು. ದೊಡ್ಡವನು ಬಿಲ್ಡರ್ ಆಗಿ ತಣಿಸಂದ್ರದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿದ. ಚಿಕ್ಕವನು ತನ್ನ ಪಾಲು ಮಾರಿ ಕಳೆದು, ಆರು ವರ್ಷದ ಹಿಂದೆ ಕಾಯಿಲೆಯಿಂದ ತೀರಿಕೊಂಡ. ಅವನ ಹೆಂಡತಿ ಬಟ್ಟೆ ಹೊಲಿಯುತ್ತ ಅತ್ತೆಯ ಜೊತೆಗೇ ಇದ್ದಳು. ಅವರಿಬ್ಬರೂ ಇದ್ದ ಎರಡು ಕೋಣೆಯ ಮನೆ ಮಾತ್ರ ಅಜ್ಜಿಯ ಸ್ವಂತದ್ದು. ಹಾಲು ಮಾರಿ ಕೊಂಡದ್ದು, ಅವರದೇ ಹೆಸರಿನಲ್ಲಿತ್ತು.

"ಆ ಮನೆ ನನ್ ಕಿರೀ ಸೊಸೆಗೆ ಓಗ್ಬೇಕು ಕಣವ್ವ" ಎಂದಿದ್ದರು ಅಜ್ಜಿ ಫೋನಿನಲ್ಲಿ. "ಬೇಸ್ತವಾರ ಬೆಳಿಗ್ಗೆ ನನ್ ಎದೆ ಕುಯ್ತಾರಂತೆ. ಬುಧವಾರ ಸಾಯಂಕಾಲ ಎಬ್ಬಾಳದ ಆಸ್ಪತ್ರೆಗೆ ಸೇರ್ಸ್ತಾರೆ. ಅಷ್ಟ್ರಲ್ಲಿ ಬಂದು ಬರ್ಕೊಡು. ನಾನ್ ಎದ್ದು ಬರ್ದಿದ್ರೆ ಆ ಎಣ್ಣಿಗೆ ನಿಲ್ಲಾಕೆ ನೆಲ ಇಲ್ಲ."

ಇಷ್ಟೇ ವಿಷಯ. ಬುಧವಾರದೊಳಗೆ ಉಯಿಲಾಗಬೇಕು. ಸೋಮವಾರ ನನ್ನ ಯಂತ್ರ ಎರಡು ಹೋಳಾಗಿತ್ತು.

ಅಂಗಡಿಗೆ ಹೋಗಿ ಪಕ್ಕದ ಮೇಜಿನವರಿಗೆ ಎರಡೂ ವಿಷಯ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ದೊಡ್ಡ ಸ್ಕ್ರೀನಿನದು ತಗೊಳ್ಳಿ ಮೇಡಂ. ನಮ್ ಕೆಲ್ಸಕ್ಕೆ ಇಡೀ ಪುಟ ಒಟ್ಟಿಗೆ ಕಾಣ್ಬೇಕು. ಸಣ್ಣದು ನಿಮ್ಗೆ ಆಗಲ್ಲ, ವಯಸ್ಸಾಯ್ತು ಕಣ್ರೀ." ಮೊದಲ ಎರಡು ಮಾತು ಸರಿಯಿದ್ದವು. ಮೂರನೆಯದರಿಂದ ನನ್ನ ಪಿತ್ತ ನೆತ್ತಿಗೇರಿತು. ಜೊತೆಗೆ ಅವರು ಇನ್ನೊಂದು ಎಚ್ಚರಿಕೆಯನ್ನೂ ಸೇರಿಸಿದರು: "ಬಾಗಲಗುಂಟೆ ಅಜ್ಜಿ ಮನೇನಾ? ದೊಡ್ಡ ಮಗ ಬಿಲ್ಡರ್ರು. ಹುಷಾರು. ಆ ಜಾಗದ ಮೇಲೆ ಅವ್ನಿಗೆ ಕಣ್ಣಿರ್ದೇ ಇರುತ್ತಾ?"

ಮೂವತ್ತು ವರ್ಷದಲ್ಲಿ ನಾನು ಕಂಡ ದೊಡ್ಡ ಮಕ್ಕಳ ಲೆಕ್ಕ ಇಟ್ಟಿಲ್ಲ. ಸೊಸೆ ಕಾಫಿ ತರಲು ಒಳಗೆ ಹೋದಾಗ "ಮೇಡಂ, ಸ್ವಲ್ಪ ನಮ್ಮ ಕಡೆಗೂ ನೋಡಿ" ಎಂದು ಪಿಸುಗುಟ್ಟುವವರನ್ನು ಕಂಡಿದ್ದೇನೆ. ಅವನ ಮುಖವನ್ನೇ ನೋಡದಿದ್ದರೂ ನಾನು ಆಗಲೇ ಅವನನ್ನು ಅದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟೆ.

ಮಂಗಳವಾರ ಮಧ್ಯಾಹ್ನ ಆರ್.ಟಿ. ನಗರದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಮಾರುವವನು ನನ್ನ ಸೀರೆಯನ್ನೂ ಬಿಳಿ ಕೂದಲನ್ನೂ ನೋಡಿ, "ಯಾರಿಗೆ ಮೇಡಂ, ಮೊಮ್ಮಕ್ಕಳಿಗಾ?" ಎಂದ. "ನನಗೆ" ಎಂದೆ. "ಹೊತ್ತುಕೊಂಡು ತಿರುಗಬೇಕು. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಕನ್ನಡ ಟೈಪ್ ಮಾಡಬೇಕು. ಕರೆಂಟ್ ಇಲ್ಲದಿದ್ದರೂ ಐದು ಗಂಟೆ ಬದುಕಬೇಕು. ಪೆನ್‌ಡ್ರೈವ್ ನೇರವಾಗಿ ಹೋಗಬೇಕು, ಬಾಲಂಗೋಚಿ ಕಟ್ಟಬಾರದು." ಅವನು ಆಮೇಲೆ ಮೊಮ್ಮಕ್ಕಳ ಮಾತು ಎತ್ತಲಿಲ್ಲ.

ಕೊನೆಗೆ ಮೇಜಿನ ಮೇಲೆ ಎರಡು ಉಳಿದವು. ಒಂದು ಹದಿನಾಲ್ಕು ಇಂಚಿನದು, ಒಂದೂವರೆ ಕೆಜಿಯ ಹತ್ತಿರ. ಇನ್ನೊಂದು ಹನ್ನೊಂದು ಇಂಚಿನದು, ಒಂದು ಕೆಜಿಗೂ ಕಡಿಮೆ, ನನ್ನ ಕೈಚೀಲದಲ್ಲಿ ಕೊಡೆಯ ಪಕ್ಕ ಕೂರುವಷ್ಟೇ ಗಾತ್ರ. ಬೆಲೆ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್ ಪರೀಕ್ಷಿಸುವುದಕ್ಕೆ ನನ್ನದೇ ಒಂದು ಕ್ರಮವಿದೆ: ಉಯಿಲಿನ ಮೊದಲ ವಾಕ್ಯ ಟೈಪ್ ಮಾಡುವುದು. ಅದು ಉದ್ದವಾದ ವಾಕ್ಯ, ಒತ್ತಕ್ಷರ ದೀರ್ಘ ಎಲ್ಲ ಬರುತ್ತವೆ, ಬೆರಳು ಎಲ್ಲಿ ಎಡವುತ್ತದೆಂದು ತಿಳಿದುಬಿಡುತ್ತದೆ. ಎರಡರ ಮೇಲೂ "ನಾನು ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಮರಣಾನಂತರ ಜಾರಿಗೆ ಬರುವಂತೆ" ಎಂದು ಬಡಿದೆ. ಬಗ್ಗಿ ನೋಡುತ್ತಿದ್ದ ಅಂಗಡಿಯ ಹುಡುಗ ಹೌಹಾರಿದ. "ಮೇಡಂ, ಎಲ್ಲಾ ಸರಿಯಾಗಿದೆ ತಾನೆ? ಮನೇಲಿ ಯಾರಿಗಾದ್ರೂ ಫೋನ್ ಮಾಡ್ಲಾ?"

ದೊಡ್ಡದರಲ್ಲಿ ಇಪ್ಪತ್ತು ಸಾಲು ಒಟ್ಟಿಗೆ ಕಾಣುತ್ತಿದ್ದವು. ಸಣ್ಣದರಲ್ಲಿ, ನನ್ನ ಕಣ್ಣಿಗೆ ಹೊಂದುವಂತೆ ಅಕ್ಷರ ಹಿಗ್ಗಿಸಿದರೆ, ಒಂಬತ್ತೇ ಸಾಲು. ಇದನ್ನು ನಾನು ಎಣಿಸಿ ನೋಡಿದೆ. ಗೊತ್ತಿದ್ದೇ ನೋಡಿದೆ. ದೊಡ್ಡದನ್ನು ಎಡಗೈಯಲ್ಲಿ ಎತ್ತಿದೆ, ಪರವಾಗಿಲ್ಲ ಎನ್ನಿಸಿತು. ಬಲಗೈಯಲ್ಲಿ ಎತ್ತಿದಾಗ ಭುಜ ಚುರ್ರೆಂದಿತು. ಆ ನೋವಿನ ಜೊತೆಗೇ "ವಯಸ್ಸಾಯ್ತು ಕಣ್ರೀ" ಎಂಬ ಮಾತೂ ನೆನಪಾಯಿತು.

"ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಮೇಡಂ" ಎಂದ ಹುಡುಗ, ಸಣ್ಣದನ್ನು ನನ್ನ ಕಡೆ ತಳ್ಳುತ್ತ.

ತೆಗೆದುಕೊಂಡೆ. ಭುಜದ ದೆಸೆಯಿಂದ ಅರ್ಧ, ಹಟದ ದೆಸೆಯಿಂದ ಅರ್ಧ. ಮರುದಿನ ಬೆಳಿಗ್ಗೆ ಅದನ್ನು ಪಕ್ಕದ ಮೇಜಿನವರ ಮುಂದೆ ಬೇಕೆಂದೇ ತೆರೆದಿಟ್ಟೆ. "ಏನ್ ಮೇಡಂ, ಒಂದ್ನೇ ಕ್ಲಾಸಿಗೆ ಸೇರಿದ್ರಾ? ಪಾಟಿ ತಂದಿದೀರ" ಎಂದು ನಕ್ಕರು. ನಾನು ಹಳೆಯ ಕರಡುಗಳನ್ನೆಲ್ಲ ಪೆನ್‌ಡ್ರೈವಿನಿಂದ ಅದಕ್ಕೆ ತುಂಬಿಕೊಂಡೆ.

ನಮ್ಮ ಕಸುಬಿನಲ್ಲಿ ಯಾರೂ ಪತ್ರವನ್ನು ಮೊದಲಿನಿಂದ ಬರೆಯುವುದಿಲ್ಲ. ಅಂಥದೇ ಒಂದು ಹಳೆಯ ಪತ್ರವನ್ನು ತೆರೆದು, ಹೆಸರು, ಊರು, ಸ್ವತ್ತಿನ ವಿವರ, ಚಕ್ಕುಬಂದಿ ಎಂದು ನಾವು ಕರೆಯುವ ನಾಲ್ಕು ದಿಕ್ಕಿನ ಎಲ್ಲೆ, ಇವನ್ನು ಬದಲಾಯಿಸುತ್ತೇವೆ. ಇದು ಕಳ್ಳತನವಲ್ಲ, ಪದ್ಧತಿ. ಬುಧವಾರ ಮಧ್ಯಾಹ್ನ ಎರಡೂವರೆಗೆ ಬಾಗಲಗುಂಟೆಯ ಆ ಮನೆಯಲ್ಲಿ ಚಾಪೆಯ ಮೇಲೆ ಕೂತು ನಾನು ಮಾಡಿದ್ದೂ ಅದನ್ನೇ. ತಣಿಸಂದ್ರದ ಒಬ್ಬ ಮುದುಕರು ಕೆಲವು ವರ್ಷಗಳ ಹಿಂದೆ ತಮ್ಮ ಮನೆಯನ್ನು ದೊಡ್ಡ ಮಗನಿಗೆ ಬರೆಸಿದ್ದ ಉಯಿಲನ್ನು ತೆರೆದೆ.

ಅಜ್ಜಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಉಸಿರು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು, ದನಿ ಮಾತ್ರ ಹಾಲಿನ ಲೋಟಾ ಬಡಿದು ಜನ ಕರೆಯುತ್ತಿದ್ದ ಕಾಲದ್ದೇ. ಸೊಸೆಯನ್ನು ಹಿತ್ತಿಲಿಗೆ ಕಳಿಸಿದೆ. ಬರೆಸಿಕೊಳ್ಳುವವರು ಬರೆಸುವ ಕೋಣೆಯಲ್ಲಿ ಇರಬಾರದು. ಸಾಕ್ಷಿಗೆ ಎದುರು ಮನೆಯ ನಿವೃತ್ತ ಮೇಷ್ಟ್ರು ಮತ್ತು ಪಕ್ಕದ ದಿನಸಿ ಅಂಗಡಿಯವರು ಬಂದು ಕೂತಿದ್ದರು. ಅಜ್ಜಿ ಹೇಳಿದರು, ನಾನು ಬಡಿದೆ. ಮೊದಲ ಪುಟದಲ್ಲಿ ಸೊಸೆಯ ಹೆಸರು, ಕಾರಣ, ಎಲ್ಲ ಸರಿಯಾಗಿ ಕೂತಿತು. ಎರಡನೇ ಪುಟದಲ್ಲಿ ಸ್ವತ್ತಿನ ವಿವರ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ. ಉತ್ತರದ ಎಲ್ಲೆ ಬರೆಯುವ ಹೊತ್ತಿಗೆ ಒಂಬತ್ತು ಸಾಲಿನ ಪರದೆ ತುಂಬಿತ್ತು. ದಕ್ಷಿಣವನ್ನೂ ಬರೆದು ಮುಗಿಸಿದೆ.

ಆಗ ರಸ್ತೆಯಲ್ಲಿ ಕಾರಿನ ಹಾರ್ನ್ ಕೇಳಿತು.

"ದೊಡ್ಡೋನು" ಎಂದರು ಅಜ್ಜಿ. ಐದು ಗಂಟೆಗೆ ಆಸ್ಪತ್ರೆಗೆ ಕರೆದೊಯ್ಯಲು ಬರಬೇಕಿದ್ದ ಮಗ ಸುಮಾರು ಒಂದು ಗಂಟೆ ಮುಂಚೆಯೇ ಬೀದಿಯ ತುದಿಗೆ ಬಂದಿದ್ದ. ಅಲ್ಲಿ ಜಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. "ಬೇಗ ಮಾಡವ್ವ, ಬೇಗ."

ಪೆನ್‌ಡ್ರೈವ್ ಹಿಡಿದು ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಓಡಿದೆ. ಎರಡು ಹಾಳೆ ಪ್ರಿಂಟ್ ಹಾಕಿಸಿದೆ. ತಿರುಗಿ ಬರುವಾಗ ಲಾರಿ ಹಿಂದೆ ಸರಿಯುತ್ತಿತ್ತು, ಕಾರಿನೊಳಗೆ ಬಿಳಿ ಶರ್ಟಿನ ಗಂಡಸೊಬ್ಬ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ. ಒಳಗೆ ಬಂದು ಮೊದಲ ಹಾಳೆಯನ್ನು ಗಟ್ಟಿಯಾಗಿ ಓದಿದೆ. ಅಜ್ಜಿ ತಲೆಯಾಡಿಸಿದರು. ಎರಡನೇ ಹಾಳೆಗೆ ಬಂದಾಗ ಗೇಟಿನ ಸದ್ದಾಯಿತು. "ಇದು ಬರೀ ಚಕ್ಕುಬಂದಿ ಅಜ್ಜಿ, ಎಲ್ಲ ಮಾಮೂಲು" ಎಂದೆ. ಹೆಬ್ಬೆಟ್ಟು ಒತ್ತಿಸಿದೆ. ಸಾಕ್ಷಿಗಳು ಗೀಚಿದರು.

ತಂದೆಯ ಮೊದಲ ಪಾಠವನ್ನು ಮೂವತ್ತು ವರ್ಷದಲ್ಲಿ ನಾನು ಮುರಿದದ್ದು ಅದೊಂದೇ ಸಲ. ಮುರಿದದ್ದು ಹೆದರಿಕೆಯಿಂದ. ಅವನು ಬಂದು ಕಾಗದ ಕಿತ್ತುಕೊಳ್ಳುತ್ತಾನೆಂದು, ಕೂಗಾಡುತ್ತಾನೆಂದು ನಾನೇ ಊಹಿಸಿಕೊಂಡಿದ್ದೆ. ಅವನು ಒಳಗೆ ಬಂದು ಚಪ್ಪಲಿ ಬಿಟ್ಟು, "ಊಟ ಮಾಡಿದ್ಯಾ ಅಮ್ಮ?" ಎಂದ. ಅಜ್ಜಿ ಗೋಡೆ ನೋಡುತ್ತ "ಆಯ್ತು" ಎಂದರು. ಅವನು ನನ್ನತ್ತ ತಿರುಗಿ, "ಹೊಸ ಲ್ಯಾಪ್‌ಟಾಪಾ ಮೇಡಂ? ಮುದ್ದಾಗಿದೆ" ಎಂದ. ನಾನು ಮುಚ್ಚಳ ಹಾಕಿ, ಹೂಂ ಎಂದು, ಹೊರಟುಬಿಟ್ಟೆ. ಬಸ್ಸಿನಲ್ಲಿ ಭುಜ ನೋಯಲಿಲ್ಲ. ಬಹಳ ದಿನಗಳ ಮೇಲೆ ಹಗುರಾಗಿ ಮನೆ ಸೇರಿದೆ.

ಸಂಜೆ ಏಳಕ್ಕೆ ಯಲಹಂಕದ ಮನೆಯಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟು, ಫೈಲಿಗೆ ಸರಿಯಾದ ಹೆಸರು ಕೊಡೋಣವೆಂದು ಉಯಿಲನ್ನು ತೆರೆದೆ. ಹೊಸ ಟಚ್‌ಪ್ಯಾಡಿಗೆ ನನ್ನ ಬೆರಳು ಇನ್ನೂ ಒಗ್ಗಿರಲಿಲ್ಲ. ಪುಟ ಸರ್ರನೆ ಕೊನೆಗೆ ಜಾರಿತು. ದಕ್ಷಿಣದ ಎಲ್ಲೆಯ ಕೆಳಗೆ, ಮಧ್ಯಾಹ್ನ ನನ್ನ ಪರದೆಗೆ ಬಾರದೇ ಉಳಿದಿದ್ದ ಸಾಲುಗಳು ಈಗ ಎದುರಿಗೆ ನಿಂತವು.

"ಈ ಮೇಲ್ಕಂಡ ಸ್ವತ್ತು ನನ್ನ ಮರಣಾನಂತರ, ನನ್ನನ್ನು ಕೊನೆಯವರೆಗೂ ಪ್ರೀತಿಯಿಂದ ನೋಡಿಕೊಂಡ ನನ್ನ ಹಿರಿಯ ಮಗನಿಗೆ ಸೇರತಕ್ಕದ್ದು."

ತಣಿಸಂದ್ರದ ಮುದುಕರ ಸಾಲು. ನಾನು ಅಳಿಸದೆ ಬಿಟ್ಟದ್ದು.

ಮೊದಲ ಪುಟದಲ್ಲಿ ಮನೆ ಸೊಸೆಗೆ, ಕೊನೆಯಲ್ಲಿ ದೊಡ್ಡ ಮಗನಿಗೆ. ಉಯಿಲಿನಲ್ಲಿ ಕೊನೆಯ ಮಾತು ನಿಲ್ಲುತ್ತದೆ. ಅಜ್ಜಿ ನಾಳೆ ಏಳದಿದ್ದರೆ ಆ ಹೆಣ್ಣುಮಗಳನ್ನು ಬೀದಿಗೆ ಹಾಕಿದವಳು ನಾನು. ಒಂದು ಗಳಿಗೆ ಆ ಯಂತ್ರವನ್ನು ಕಿಟಕಿಯಿಂದ ಎಸೆಯಬೇಕೆನ್ನಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪರದೆ ಸಣ್ಣದೆಂದು ಗೊತ್ತಿದ್ದೇ ಕೊಂಡವಳು ನಾನು. ಇನ್ನೊಮ್ಮೆ ಕೆಳಗೆ ಜಾರಿಸಿ ನೋಡದವಳೂ ನಾನೇ. ಓದದೆ ಹೆಬ್ಬೆಟ್ಟು ಒತ್ತಿಸಿದವಳೂ ನಾನೇ.

ಸೊಸೆಗೆ ಫೋನ್ ಮಾಡಿದೆ. "ಅತ್ತೆ ಆಸ್ಪತ್ರೆ ಸೇರಿದ್ರು ಮೇಡಂ. ರಾತ್ರಿ ಒಬ್ರೇ ಇರ್ಬೋದಂತೆ, ಭಾವ ಇದಾರೆ. ನಾನು ಬೆಳಿಗ್ಗೆ ಹೋಗ್ತೀನಿ" ಎಂದಳು.

"ನಾನು ಕೊಟ್ಟ ಕಾಗದ ಎಲ್ಲಿಟ್ಟರು?"

"ಯಾರ ಕೈಗೂ ಸಿಗಬಾರ್ದು ಅಂತ ಸ್ಕ್ಯಾನಿಂಗ್ ಕವರೊಳಗೆ ತುರುಕಿದ್ರು. ಆ ಕವರು ಆಸ್ಪತ್ರೆಗೇ ಹೋಯ್ತು. ಯಾಕೆ ಮೇಡಂ?"

"ಸುಮ್ಮನೆ ಕೇಳಿದೆ" ಎಂದೆ. ತಪ್ಪನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಡಾಕ್ಟರು ಮೊದಲು ತೆರೆಯುವ ಕವರಿನೊಳಗೆ, ದೊಡ್ಡ ಮಗನ ಕೈಯಲ್ಲಿ, ಅವನಿಗೇ ಮನೆ ಬರೆದುಕೊಟ್ಟ ಕಾಗದ ಕೂತಿತ್ತು. ಅದನ್ನು ಅವನು ಜೇಬಿಗೆ ಸೇರಿಸಿದರೆ ನಾನು ಯಾರ ಹತ್ತಿರ ಹೋಗಿ ಬಾಯಿ ಬಡಿದುಕೊಳ್ಳಲಿ?

ಬೆಳಿಗ್ಗೆ ಐದೂವರೆಗೆ ಅಂಗಡಿಯ ಶಟರ್ ಎತ್ತಿ, ಸರಿ ಮಾಡಿದ ಉಯಿಲನ್ನು ಪ್ರಿಂಟ್ ಹಾಕಿದೆ. ಮೂರು ಸಲ ಓದಿದೆ, ಪ್ರತಿ ಸಲವೂ ಕೊನೆಯ ಚುಕ್ಕಿಯವರೆಗೆ. ಮಸಿ ಪ್ಯಾಡು, ಪೆನ್ನು, ಹಾಳೆ, ಆ ಸಣ್ಣ ಯಂತ್ರ, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೆಬ್ಬಾಳಕ್ಕೆ ಆಟೋ ಹತ್ತಿದೆ. ಎಂಟಕ್ಕೆ ಆಪರೇಷನ್. ವಿಮಾನ ನಿಲ್ದಾಣದ ರಸ್ತೆ ಆರೂವರೆಗೇ ತುಂಬಿತ್ತು. ಫ್ಲೈಓವರ್ ಹತ್ತುವ ಮೊದಲೇ ಆಟೋ ನಿಂತುಬಿಟ್ಟಿತು. "ಇಲ್ಲಿಂದ ನಡೆದ್ರೆ ಬೇಗ ಅಮ್ಮ" ಎಂದ ಆಟೋದವನು. ಇಳಿದು ಸರ್ವೀಸ್ ರಸ್ತೆಯಲ್ಲಿ ಓಡಿದೆ. ಲಿಫ್ಟಿನ ಮುಂದೆ ಜನ ನಿಂತಿದ್ದರು, ಮೂರು ಮಹಡಿ ಮೆಟ್ಟಿಲು ಹತ್ತಿದೆ. ಹಳೆಯ ಮೂರು ಕೆಜಿಯ ಜೊತೆ ಇದು ನನ್ನಿಂದಾಗುತ್ತಿರಲಿಲ್ಲ.

ಅದು ಎರಡು ಹಾಸಿಗೆಯ ಕೋಣೆ. ಕಿಟಕಿಯ ಕಡೆಯ ಹಾಸಿಗೆಯಲ್ಲಿ ಅಜ್ಜಿ ಹಸಿರು ಗೌನು ತೊಟ್ಟು ಮಲಗಿದ್ದರು. ಬಳೆ ಓಲೆ ಬಿಚ್ಚಿಸಿದ್ದರಿಂದ ಯಾರೋ ಬೇರೆಯವರ ಹಾಗೆ ಕಂಡರು. ಇನ್ನೊಂದು ಹಾಸಿಗೆಯಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಅವಳ ಗಂಡ. ದೊಡ್ಡ ಮಗ ಬಾಗಿಲಲ್ಲೇ ನಿಂತಿದ್ದ. ನಿನ್ನೆಯ ಬಿಳಿ ಶರ್ಟೇ, ಮುದುಡಿಹೋಗಿತ್ತು.

"ಅಜ್ಜಿ ಜೊತೆ ಐದು ನಿಮಿಷ ಮಾತಾಡಬೇಕಿತ್ತು" ಎಂದೆ, ಏದುಸಿರಿನಲ್ಲಿ.

"ಉಯಿಲಿನ ವಿಷಯಾನಾ?" ಎಂದ. ನಾನು ತಲೆಯಾಡಿಸಿದೆ. ಅವನು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಜೇಬಿನಿಂದ ನಾಲ್ಕಾಗಿ ಮಡಿಸಿದ ಎರಡು ಹಾಳೆ ತೆಗೆದ. "ನಿನ್ನೆ ಡಾಕ್ಟರ್ ಸ್ಕ್ಯಾನ್ ಕೇಳಿದ್ರು. ಕವರಿಂದ ಇದೂ ಬಂತು. ಓದ್ದೆ. ನಾನು ಬಿಲ್ಡರ್ ಮೇಡಂ, ಇಂಥ ಕಾಗದ ದಿನಾ ನೋಡ್ತೀನಿ. ಮೊದಲು ಅವಳಿಗೆ ಅಂತಿದೆ, ಕೊನೇಲಿ ನಂಗೆ ಅಂತಿದೆ. ಯಾವ್ದು ನಿಲ್ಲುತ್ತೆ ಅಂತ ನಂಗೂ ಗೊತ್ತು."

ಮುಗಿಯಿತು ಎಂದುಕೊಂಡೆ. ಕಾರಿಡಾರಿನ ಗೋಡೆಗೆ ಒರಗಿದೆ.

"ಮನೆ ಬೇಡ ನಂಗೆ" ಎಂದ. "ಅದು ಅವಳ್ದೇ, ಅವಳ್ದೇ ಆಗ್ಲಿ. ನಾನ್ ಕೇಳೋದು ಬೇರೆ." ಎರಡನೇ ಹಾಳೆಯ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟ. "ಪ್ರೀತಿಯಿಂದ ನೋಡಿಕೊಂಡ ನನ್ನ ಹಿರಿಯ ಮಗ ಅಂತ ಇದೆಯಲ್ಲ. ಇದು ಅಮ್ಮ ಹೇಳಿ ಬರ್ಸಿದ್ದಾ?"

ಹೌದು ಎಂದುಬಿಡಬಹುದಿತ್ತು. ಆ ಗಂಡಸಿನ ಮುಖ ನೋಡಿದರೆ ಯಾರಿಗಾದರೂ ಹಾಗೆ ಹೇಳಬೇಕೆನ್ನಿಸುತ್ತಿತ್ತು. ಆದರೆ ಅಮ್ಮನ ಮಾತೆಂದು ಒಪ್ಪಿಕೊಂಡ ಮೇಲೆ ಅದನ್ನು ಅಳಿಸುವುದು ಹೇಗೆ? ಸೊಸೆಯ ಮನೆ ಉಳಿಯಬೇಕಾದರೆ ಇವನಿಗೆ ನಿಜ ಹೇಳಲೇಬೇಕಿತ್ತು. ಲ್ಯಾಪ್‌ಟಾಪ್ ತೆರೆದು, ತಣಿಸಂದ್ರದವರ ಉಯಿಲನ್ನು ತೆಗೆದು, ಅವರ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಆ ಸಾಲನ್ನು ತೋರಿಸಿದೆ. ಅಕ್ಷರ ಅಕ್ಷರವೂ ಅದೇ. ಅವನು ಬಗ್ಗಿ ಓದಿದ. ಸಣ್ಣ ಪರದೆ, ಇಬ್ಬರ ತಲೆಯೂ ತಾಗುವಷ್ಟು ಹತ್ತಿರವಿದ್ದವು.

"ಅಂದ್ರೆ ಯಾರೋ ಬೇರೆಯವರ ಮಾತು."

"ನನ್ನ ತಪ್ಪು. ಅಳಿಸಬೇಕಿತ್ತು, ಅಳಿಸಲಿಲ್ಲ. ನಿಮಗೆ ಹೆದರಿ ಅವಸರ ಮಾಡಿದೆ. ಹೊಟ್ಟೆಗೆ ಹಾಕಿಕೊಳ್ಳಿ" ಎಂದೆ.

ಅವನು ಹಾಳೆಗಳನ್ನು ಮತ್ತೆ ನಾಲ್ಕಾಗಿ ಮಡಿಸಿದ. "ತಮ್ಮ ಕಷ್ಟದಲ್ಲಿದ್ದಾಗ ನನ್ನ ಹತ್ರ ಬಂದಿದ್ದ. ನಾನು ಕೈ ಹಿಡೀಲಿಲ್ಲ. ಅವನು ಹೋದ್ಮೇಲೆ ಅಮ್ಮ ನಂಜೊತೆ ನೆಟ್ಟಗೆ ಮಾತಾಡಿಲ್ಲ. ಈ ಸಾಲು ಇಟ್ಕೊಂಡು ರಾತ್ರಿಯೆಲ್ಲ ಕೂತಿದ್ದೆ ಮೇಡಂ." ಆಮೇಲೆ ಬಾಗಿಲು ತಳ್ಳಿದ. "ಹೊಸದು ತಂದಿದೀರ ತಾನೆ? ಬನ್ನಿ. ನಾನೇ ಸಾಕ್ಷಿ ಹಾಕ್ತೀನಿ."

ಉಯಿಲಿಗೆ ತಾನೇ ಸಾಕ್ಷಿ ಹಾಕಿದವನು ನಾಳೆ ಅದರ ಮೇಲೆ ತಕರಾರು ಎತ್ತಿದರೆ ನಿಲ್ಲುವುದು ಕಷ್ಟ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಪಕ್ಕದ ಹಾಸಿಗೆಯ ಹೆಂಗಸಿನ ಗಂಡ ಎರಡನೇ ಸಾಕ್ಷಿಯಾಗಲು ಒಪ್ಪಿದರು. ನರ್ಸ್ ಗಡಿಯಾರ ನೋಡಿ "ಹತ್ತೇ ನಿಮಿಷ" ಎಂದಳು. ನಾನು ಅಜ್ಜಿಯ ಹಾಸಿಗೆಯ ಅಂಚಿನಲ್ಲಿ ಕೂತೆ.

"ನೆನ್ನೆ ಆಯ್ತಲ್ಲವ್ವ?"

"ಎರಡನೇ ಹಾಳೆ ನಿಮಗೆ ಓದಿ ಹೇಳಲಿಲ್ಲ ಅಜ್ಜಿ. ಅದರಲ್ಲಿ ಇನ್ನೊಬ್ಬರ ಉಯಿಲಿನ ಮಾತು ಉಳಿದುಹೋಗಿತ್ತು. ತಪ್ಪಾಯಿತು."

"ಏನಂತ ಇತ್ತು?"

ಮಗ ಕಿಟಕಿಯ ಕಡೆ ತಿರುಗಿಕೊಂಡ. ನಾನು ಓದಿದೆ. ಕೋಣೆಯಲ್ಲಿ ಎಲ್ಲರೂ ಕೇಳಿಸಿಕೊಂಡರು. ಅಜ್ಜಿ ಮಗನ ಬೆನ್ನನ್ನು ನೋಡುತ್ತಿದ್ದರು. ನಾನು ಹೊಸದನ್ನು ಮೊದಲ ಪದದಿಂದ ಕೊನೆಯ ಪದದವರೆಗೆ, ನಾಲ್ಕು ಎಲ್ಲೆಗಳನ್ನೂ ಬಿಡದೆ, ಓದಿ ಮುಗಿಸಿದೆ. ಮಸಿ ಪ್ಯಾಡು ತೆರೆದೆ. ಅಜ್ಜಿ ಕೈ ಚಾಚಲಿಲ್ಲ.

"ರಾತ್ರೆ ಎಚ್ಚರ ಆದಾಗೆಲ್ಲ ನೋಡ್ದೆ. ಆ ಕುರ್ಚಿ ಮ್ಯಾಲೆ ಕುಂತೇ ಇದ್ದ" ಎಂದರು. "ಮನೆ ಸೊಸೆಗೆ. ಅದ್ರಾಗೆ ಎರಡು ಮಾತಿಲ್ಲ. ಆದ್ರೆ ಆ ಇನ್ನೊಂದು ಮಾತು ಇರ್ಲಿ, ಬರಿ."

"ಅಜ್ಜಿ, ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ. ಆಸ್ತಿ ಕೊಡದೆ ಬರೀ ಆ ಮಾತು..."

"ಬರಿ ಅಂದ್ನಲ್ಲ. 'ಕೊನೇವರ್ಗೂ' ಅಂತ ಮಾತ್ರ ಬ್ಯಾಡ. ನಾನಿನ್ನೂ ಬದ್ಕಿವ್ನಿ."

ಪ್ರಿಂಟ್ ಹಾಕಿಸಲು ಹೊತ್ತಿರಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಹಾಳೆ ಹರಡಿ, ನನ್ನ ತಂದೆ ಮಣೆಯ ಮೇಲೆ ಬರೆಯುತ್ತಿದ್ದ ಹಾಗೆ ಪೆನ್ನಿನಲ್ಲಿ ಬರೆದೆ: ನನ್ನ ಹಿರಿಯ ಮಗ ನನ್ನನ್ನು ಪ್ರೀತಿಯಿಂದ ನೋಡಿಕೊಂಡಿದ್ದಾನೆ. ಮೂವತ್ತು ವರ್ಷ ಉಪಯೋಗವಿಲ್ಲದ ಪದ ಕಂಡರೆ ಹೊಡೆದುಹಾಕುತ್ತ ಬಂದವಳು ನಾನು. ಆ ಸಾಲನ್ನು ಬರೆಯುವಾಗ ಕಣ್ಣು ಮಂಜಾಯಿತು, ಅಕ್ಷರ ಸೊಟ್ಟಗಾದವು. ಓದಿ ಹೇಳಿದೆ. ಅಜ್ಜಿ ಎರಡೂ ಹಾಳೆಗೆ ಹೆಬ್ಬೆಟ್ಟು ಒತ್ತಿದರು. ಸಾಕ್ಷಿಗಳು ಸಹಿ ಹಾಕಿದರು. ಮಗ ತನ್ನ ಸಹಿಯ ನಡುವೆ ಒಮ್ಮೆ ನಿಂತು, ಪೆನ್ನನ್ನು ಮತ್ತೆ ಹಿಡಿದುಕೊಂಡು ಮುಗಿಸಿದ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ಎಳೆದಾಡುವ ಆಸೆ ನನಗಿಲ್ಲ: ಅಜ್ಜಿ ಉಳಿದರು. ಈಗಲೂ ಬಾಗಲಗುಂಟೆಯ ಜಗುಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾರೆ. ಹನ್ನೊಂದು ಇಂಚಿನ ಯಂತ್ರವನ್ನು ನಾನು ಬದಲಾಯಿಸಿಲ್ಲ. ಯಾವ ಕರಡನ್ನಾದರೂ ಮುಗಿಸುವ ಮೊದಲು ಕೊನೆಯವರೆಗೂ ಜಾರಿಸಿ ನೋಡುತ್ತೇನೆ. ಪಕ್ಕದ ಮೇಜಿನವರಿಗೆ ಇದನ್ನೆಲ್ಲ ಹೇಳಿಲ್ಲ, ಹೇಳುವುದೂ ಇಲ್ಲ.

ಆವತ್ತು ಸ್ಟ್ರೆಚರ್ ಲಿಫ್ಟಿನೊಳಗೆ ಹೋದ ಮೇಲೆ ಕಾರಿಡಾರಿನಲ್ಲಿ ನಾವಿಬ್ಬರೇ ಉಳಿದೆವು, ಸೊಸೆ ಇನ್ನೂ ದಾರಿಯಲ್ಲಿದ್ದಳು. ಹೊಸದಾದ ಮೇಲೆ ತಪ್ಪು ಉಯಿಲನ್ನು ಹರಿಯಬೇಕು, ಅದೂ ಪದ್ಧತಿ. ನಾನು ಕೈ ಚಾಚಿದೆ. ಅವನು ಕೊಡದೆ ತಾನೇ ಹರಿದ. ಮೊದಲ ಹಾಳೆಯನ್ನು ಬೇಗ ಹರಿದ, ಎರಡನೆಯದನ್ನು ನಿಧಾನಕ್ಕೆ. ಚೂರುಗಳನ್ನು ನನ್ನ ಕೈಗೆ ಹಾಕಿ ಫೋನ್ ತೆಗೆದ.

"ಮೇಡಂ, ಹೊಸದ್ರಲ್ಲಿ ನೀವು ಕೈಯಲ್ಲಿ ಬರೆದ್ರಲ್ಲ, ಅದೊಂದು ಸಾಲು ಫೋಟೋ ತಕ್ಕೊಳ್ಲಾ?"

ಹಾಳೆಯನ್ನು ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಹರಡಿ, ಎರಡು ಮೂಲೆ ಒತ್ತಿ ಹಿಡಿದುಕೊಂಡೆ. ಮೊದಲ ಫೋಟೋ ಮಸುಕಾಗಿ ಬಂತು. "ಇನ್ನೊಂದು ತೆಗೆಯಿರಿ, ನನಗೇನೂ ಅವಸರವಿಲ್ಲ" ಎಂದೆ.